ಬೆಳಗಾದರೆ ಪರದೆ ಎಳೆಯುವ ಇಂದೂ ಮಾವಶಿ

ಪುಣೆಯಲ್ಲಿ ಬೆಳಗಾಗುತ್ತಿದೆ. ಊರೆಲ್ಲ ಕಿಟಕಿ ತೆರೆಯುವ ಹೊತ್ತಿಗೆ ಇಂದೂ ಹೊಸಮನಿ ದಪ್ಪ ಕಪ್ಪು ಪರದೆ ಎಳೆದು, ಅಂಚಿನ ಸಂದುಗಳಿಗೆ ಬಟ್ಟೆ ತುರುಕುತ್ತಿದ್ದಾರೆ. ಮಗರಪಟ್ಟಾ ಕಡೆಯ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಅವರು ಆಯಾ. ಎಲ್ಲರ ಬಾಯಲ್ಲೂ ಇಂದೂ ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ. ನನ್ನ ಮೊಬೈಲನ್ನು ಬಾಗಿಲಲ್ಲೇ ಇಸಿದುಕೊಂಡರು. "ಫೋಟೋ ಹೊಡೀತೀರಿ, ಫ್ಲಾಶ್ ಬೀಳ್ತದ. ಇಲ್ಲೇ ಇರ್ಲಿ ಬಿಡ್ರಿ." ಹಾಗಾಗಿ ಈ ಬರಹದ ಜೊತೆ ಅವರ ಚಿತ್ರವಿಲ್ಲ, ಓದುಗರು ಕ್ಷಮಿಸಬೇಕು.

ಇಲ್ಲಿ ಹೊಸದೊಂದು ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳನ್ನು ರಕ್ತಕ್ಕೆ ಬಿಡುತ್ತಾರೆ. ಅವು ಗಡ್ಡೆಯಲ್ಲಿ ಹೋಗಿ ಸೇರಿಕೊಳ್ಳುತ್ತವೆ. ಒಂದು ಬಗೆಯ ಬೆಳಕು ಹಾಯಿಸಿದರೆ ಮಿನುಗಿ ರೋಗ ಎಲ್ಲಿಯವರೆಗಿದೆ ಎಂದು ತೋರಿಸುತ್ತವೆ, ಇನ್ನೊಂದು ಬೆಳಕಿಗೆ ಕೆರಳಿ ಅದನ್ನು ಸುಡುತ್ತವೆ. ಆದರೆ ಮದ್ದು ಮೈಯಿಂದ ಇಳಿಯುವವರೆಗೆ ಬಿಸಿಲು, ಜೋರು ಬೆಳಕು ತಾಗಿದರೆ ಚರ್ಮವೂ ಸುಡುತ್ತದೆ. ಅಲ್ಲಿಯವರೆಗೂ ರೋಗಿ ಮಂದ ದೀಪದ ಕೋಣೆಯಲ್ಲಿ ಕೂರಬೇಕು. ಕೂರಿಸುವ ಕೆಲಸ ಮಾವಶಿಯದು.

ರಾಮದುರ್ಗದ ಕಡೆಯಿಂದ ಮದುವೆಯಾಗಿ ಬಂದವರು. ಸ್ವಾರಗೇಟ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ವರ್ಷಗಟ್ಟಲೆ ಹಿಟ್ಟು ರುಬ್ಬಿ, ಗಂಡ ತೀರಿದ ಮೇಲೆ ಆಸ್ಪತ್ರೆ ಸೇರಿದರು. ಪಾಳಿ ಮುಗಿದರೂ ಮನೆ ಕಡೆ ಕಾಲು ಏಳುವುದಿಲ್ಲ, ಈ ಪ್ರಯೋಗ ನಡೆಸುವ ಡಾಕ್ಟರ್ ನೀಲಿಮಾ ಗದರಿಸಿ ಕಳಿಸಬೇಕು. "ಮೊಣಕಾಲು ನೋಯ್ತಾವ್ರಿ, ನೋಯ್ಲಿ. ಕತ್ತಲ್ಯಾಗ ಕುಂತವ್ರ ಸಂಕಟ ಭಾಳ ಕೆಟ್ಟದ್ದು."

ಈಗ ಆ ಕೋಣೆಯಲ್ಲಿರುವವರು ಅಂಬಾರಾಯ, ಪುಣೆ ಹತ್ತಿರದ ಭೋರ್‌ನಲ್ಲಿ ಗ್ಯಾರೇಜ್ ಇಟ್ಟಿರುವ ಕಲಬುರಗಿಯ ಮೇಸ್ತ್ರಿ. ನಾಲಿಗೆಯ ಕ್ಯಾನ್ಸರ್. ಈ ಚಿಕಿತ್ಸೆ ಹತ್ತದಿದ್ದರೆ ನಾಲಿಗೆಯನ್ನೇ ತೆಗೆಯಬೇಕು. ಅಷ್ಟಿದ್ದೂ ಕಳೆದ ವಾರ ಒಂದು ಬೆಳಿಗ್ಗೆ ಅವರು ತಂಬಿಗೆ ಹಿಡಿದು, ಪರದೆಗೆ ಕೈ ಹಾಕಿ ನಿಂತಿದ್ದರು. ಸೂರ್ಯನಿಗೆ ನೀರು ಬಿಡದೆ ಉಣ್ಣುವ ಆಸಾಮಿಯಲ್ಲ. ಬಂದಾಗಿನಿಂದ ಅರೆಹೊಟ್ಟೆ, ಈಗ ಎಲ್ಲ ಬಿಟ್ಟು ಮನೆಗೆ ಹೋಗುವ ಹಟ.

ಮಾವಶಿ ಬೈಯಲಿಲ್ಲ. ತಂಬಿಗೆಗೆ ಕೈ ಚಾಚಿದರು. "ಅಣ್ಣಾರ, ನಾ ಗಚ್ಚಿ ಮ್ಯಾಲೆ ಹೋಗಿ ನಿಮ್ಮ ಹೆಸರ್ಲೆ ಬಿಟ್ಟು ಬರ್ತೀನಿ. ನನಗ ಮಂತ್ರ ಬರೂದಿಲ್ಲ, ಅದನ್ನ ನೀವು ಇಲ್ಲೇ ಕುಂತು ಹೇಳ್ರಿ."

ಅಂಬಾರಾಯರು ಊದಿದ ನಾಲಿಗೆಯಲ್ಲಿ ತೊದಲಿ ಒಂದೇ ಷರತ್ತು ಹಾಕಿದರಂತೆ: "ಚಪ್ಪಲ್ ಬಿಟ್ಟು ನಿಲ್ಲವ್ವಾ."

ಅಂದಿನಿಂದ ದಿನವೂ, ಈ ಬೆಳಿಗ್ಗೆ ಕೂಡ, ಇಂದೂ ಮಾವಶಿ ಬರಿಗಾಲಲ್ಲೇ ತಾರಸಿಯ ಮೆಟ್ಟಿಲು ಹತ್ತುತ್ತಾರೆ. ಇಳಿದು ಬಂದು ಖಾಲಿ ತಂಬಿಗೆ ತೋರಿಸುತ್ತಾರೆ. ಅಂಬಾರಾಯರು ಅದರೊಳಗೆ ಇಣುಕಿ ನೋಡಿ, ಆಮೇಲೆ ಗಂಜಿಗೆ ಕೈ ಹಾಕುತ್ತಾರೆ. ನೋಡುತ್ತಿದ್ದ ನನಗೆ ನಗು, ಅಳು ಎರಡೂ ಒಟ್ಟಿಗೇ ಬರುತ್ತವೆ.

ಗಡ್ಡೆ ಕರಗಿದೆಯೋ ಇಲ್ಲವೋ ಈಗಲೇ ಹೇಳಲಾಗದು ಎನ್ನುತ್ತಾರೆ ನೀಲಿಮಾ. ಹೊರಡುವಾಗ, ನಿಮಗೇನು ಆಸೆ ಎಂದು ಮಾವಶಿಯನ್ನು ಕೇಳುತ್ತೇನೆ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

"ನಾ ನೀರು ಬಿಟ್ಟ ರೀತಿ ಸರಿ ಇರ್ಲಿಲ್ಲ ಅಂತ ಅಣ್ಣಾರು ಒಂದಿನ ನನ್ನ ಬೈಬೇಕ್ರಿ. ಬಾಯಿ ತುಂಬ ಬೈಬೇಕು. ಒಂದಕ್ಷರಾನೂ ತೊದಲಬಾರ್ದು."