ಗಿರಿಜಕ್ಕನ ಪೆನ್ಸಿಲ್, ನನ್ನ ಚೌಕ

ಬೆಳಿಗ್ಗೆ ಹಳೇ ಬ್ಯಾಚಿನ ಗ್ರೂಪಿನಲ್ಲಿ ಮೆಸೇಜ್ ಬಂತು...
ಗಿರಿಜಕ್ಕ ಇನ್ನಿಲ್ಲ.

ನಾಲ್ಕು ಸಲ ಓದಿದೆ.
ಫೋನ್ ಆಫ್ ಮಾಡಿ, ಆನ್ ಮಾಡಿ, ಇನ್ನೊಮ್ಮೆ ಓದಿದೆ...
ನನ್ನನ್ನು ಬಲ್ಲವರಿಗೆ ಈ ಅಭ್ಯಾಸ ಹೊಸದಲ್ಲ. ಆದರೆ ಇವತ್ತು ನಿಜವಾಗಿಯೂ ನಂಬಲಾಗಲಿಲ್ಲ.

ಎಪ್ಪತ್ತರ ದಶಕ. ನಾನು ಮೆಡಿಕಲ್ ಫಸ್ಟ್ ಇಯರ್.
ಹಾಸ್ಟೆಲ್‌ಗಳಲ್ಲೇ ಬೆಳೆದವನು... ಅರ್ಧ ಇಂಗ್ಲಿಷ್, ಅರ್ಧ ಭಯ.
ಗಿರಿಜಕ್ಕ ನಮ್ಮ ಸೈಕಿಯಾಟ್ರಿ ಪ್ರೊಫೆಸರರ ಸಂಶೋಧನೆಯಲ್ಲಿ ಸೋಷಿಯಲ್ ವರ್ಕರ್.
ಕೈ ತೊಳೆದದ್ದೇ ತೊಳೆಯುವ, ಬೀಗ ನೋಡಿದ್ದೇ ನೋಡುವ ಗೀಳು ಕಾಯಿಲೆ... ಈಗ ಎಲ್ಲರೂ ಓಸಿಡಿ ಅನ್ನುತ್ತಾರಲ್ಲ, ಅದು...
ವಂಶದಲ್ಲಿ ಹರಿದು ಬರುತ್ತದೆಯೇ ಎಂದು ಹುಡುಕುವ ಕೆಲಸ.

ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಅಷ್ಟೇ ನಮ್ಮ ಲ್ಯಾಬ್.
ರೋಗಿಗಳ ನೆಂಟರ ಮನೆಗೆ ಹೋಗಿ ವಂಶವೃಕ್ಷ ಬರೆಯುವುದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಾಯಿಲೆ ಇದ್ದರೆ ಒಳಗೆ ಕಪ್ಪು.
ರಜೆಯಲ್ಲಿ ನಾನು ಅವರ ಅಸಿಸ್ಟೆಂಟ್. ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ... ಎರಡು ಸೈಕಲ್.

ಪ್ರತಿ ಮನೆಯ ಮುಂದೆಯೂ ನಾನು ವಾಪಸ್ ಹೋಗಿ ಸೈಕಲ್ ಬೀಗ ಎಳೆದು ನೋಡುತ್ತಿದ್ದೆ. ಮತ್ತೆ... ಮತ್ತೆ...
ಹಾಸ್ಟೆಲ್ಲಿನಲ್ಲಿ ನನ್ನ ಹೆಸರೇ 'ಬೀಗ'.
ಗಿರಿಜಕ್ಕ ಒಂದು ದಿನವೂ ನಗಲಿಲ್ಲ. ಗೇಟಿನಲ್ಲಿ ನಿಂತು, "ನೋಡ್ಕೊಂಡ್ ಬಾ ಕಣೋ, ನಾನು ಇಲ್ಲೇ ಇರ್ತೀನಿ" ಅನ್ನುತ್ತಿದ್ದರು.

ಒಮ್ಮೆ ರಾಜಾಜಿನಗರದಲ್ಲಿ ಒಬ್ಬ ರೋಗಿಯ ಸೋದರತ್ತೆಯ ಮನೆ.
ಆಸ್ಪತ್ರೆಯಿಂದ ಬಂದಿದ್ದೇವೆ ಎಂದರೂ ಆಕೆ ನಂಬಲಿಲ್ಲ. ಅಜ್ಜ ಯಾರು, ಮುತ್ತಜ್ಜ ಯಾರು ಎಂದು ವಿಚಾರಿಸುವವರು ಗಂಡಿನ ಕಡೆಯವರೇ ಇರಬೇಕು ತಾನೇ...
ಉಪ್ಪಿಟ್ಟು ಬಂತು.
"ನಮ್ಮ ವಂಶದಲ್ಲಿ ಯಾರಿಗೂ ಒಂದು ನೆಗಡಿನೂ ಇಲ್ಲಮ್ಮ. ಹುಡುಗ ಇವರೇನಾ?"
"ಇವನಾ? ಇವನಿನ್ನೂ ಅನಾಟಮಿನೇ ಪಾಸಾಗಿಲ್ಲ, ಬಿಡಿ" ಎಂದರು ಗಿರಿಜಕ್ಕ.

ನೋಟ್‌ಬುಕ್ ಮುಚ್ಚಿ ಗೇಟಿನ ತನಕ ಬಂದ ಮೇಲೆ ಆಕೆಯ ದನಿ ಇಳಿಯಿತು.
"ನಮ್ಮಣ್ಣ ಒಬ್ಬ ಇದ್ದ... ತೊಳ್ದೂ ತೊಳ್ದೂ ಕೈ ಚರ್ಮ ಕಿತ್ಹೋಗಿತ್ತು. ಮನೇಲಿ ಮಗಳಿದಾಳೆ, ಹೆಸರು ಬರೀಬೇಡಿ."
"ಹೆಸರಿಲ್ದೆ ಒಂದು ಚೌಕ ಹಾಕ್ಕೊಳ್ಲಾ?" ಎಂದರು ಗಿರಿಜಕ್ಕ.
ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೂಂ ಅಂದರು.

ಅಕ್ಕ... ನೆನಪಿದೆಯಾ ನಿಮಗೆ?
ಅಲ್ಲಿಂದ ಬಂದು, ಮಾಗಡಿ ರೋಡಿನ ಕಟ್ಟೆಯೊಂದರ ಮೇಲೆ ಕೂತು, ನಾನು ನಿಮ್ಮ ಪೆನ್ಸಿಲ್ ಕೇಳಿದ್ದು?
ನಮ್ಮ ಮನೆಯದೇ ಬರೆದೆ. ಅಪ್ಪನ ಚೌಕ ಕಪ್ಪು ಮಾಡಿದೆ.
ನನ್ನ ಚೌಕಕ್ಕೆ ಬಂದಾಗ ಕೈ ನಿಂತಿತು... ಅದನ್ನು ತುಂಬಿದರೆ ನಾನು ಡಾಕ್ಟರ್ ಆಗುವುದು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.
"ನಂಗೊತ್ತು ಕಣೋ" ಎಂದಿರಿ.
"ಅಪ್ಪನಿಂದ ಬಂತಾ ಅಕ್ಕ?"
"ಅದು ಗೊತ್ತಿದ್ರೆ ನಾವ್ಯಾಕೆ ಈ ಬಿಸ್ಲಲ್ಲಿ ಸೈಕಲ್ ತುಳೀತಿದ್ವಿ? ಬಂದಿದ್ರೂ ಏನೀಗ. ನಿನ್ ಮೂಗೂ ಅಪ್ಪಂದೇ ಅಂತೀಯ. ಅದಕ್ಕೆ ಯಾರ್ ಹತ್ರ ಸಾರಿ ಕೇಳಿದೀಯ?"

ಕಪ್ಪು ಮಾಡಿದೆ.
ಮರುದಿನ ನೀವೇ ನನ್ನನ್ನು ಪ್ರೊಫೆಸರರ ಬಳಿ ಪೇಷಂಟ್ ಆಗಿ ಕರೆದುಕೊಂಡು ಹೋದಿರಿ.
ಡಾಕ್ಟರೂ ಆದೆ...

ಇದೇ ಜೀನ್ ಎಂದು ಇವತ್ತಿಗೂ ಯಾರೂ ಬೆರಳಿಟ್ಟು ತೋರಿಸಿಲ್ಲ ಅಕ್ಕ. ಹುಡುಕುತ್ತಲೇ ಇದ್ದಾರೆ.

ಈಗ ಕೆಂಗೇರಿ ಉಪನಗರಕ್ಕೆ, ನಿಮ್ಮ ಮನೆಗೆ ಹೊರಟಿದ್ದೇನೆ.
ಬೀಗ ಹಾಕಿ ಗೇಟಿನ ತನಕ ಬಂದು, ವಾಪಸ್ ಹೋಗಿ ಒಮ್ಮೆ ಎಳೆದು ನೋಡಿದೆ...
ತಿರುಗಿದರೆ ಗೇಟಿನಲ್ಲಿ ಯಾರೂ ನಿಂತಿರಲಿಲ್ಲ.

ನೆಮ್ಮದಿಯಾಗಿ ಹೋಗಿ ಬನ್ನಿ ಅಕ್ಕ. ನಿಮ್ಮ ಜೀವ ತಣ್ಣಗಿರಲಿ.
ನಾನು ಇಲ್ಲೇ ಇರ್ತೀನಿ...