ಗುಂಡು ತುಂಬುವವನ ಕುರ್ಚಿ

ಇಂಗ್ಲೆಂಡಿನ ಟಿಪ್ಟನ್ ಊರಿನ ಬಸ್ ಡಿಪೋದ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಕ್ಯಾಂಟೀನಿನ ಮೂಲೆಯಲ್ಲಿ ಏವಿಸ್ ಹಿಂಗ್ಲಿ ಒಬ್ಬರೇ ಕೂತಿದ್ದಾರೆ. ಅರವತ್ತು ದಾಟಿದ ಈ ಚಾಲಕಿಯೇ ದಿನದ ಮೊದಲ ಬಸ್ಸನ್ನು ಹೊರಡಿಸಬೇಕು. ಪಕ್ಕದಲ್ಲಿ ಚಹಾ ಆರುತ್ತಿದೆ. ಕೈಯಲ್ಲಿ ಬಿಸ್ಕತ್ತಿನ ಡಬ್ಬದ ಮುಚ್ಚಳ. ನಿನ್ನೆ ಅದರ ಒಂದು ಬದಿಗೆ ಹಚ್ಚಿದ ಕೆಂಪು ಬಣ್ಣ ಒಣಗಿದೆ; ಇವತ್ತು ಇನ್ನೊಂದಕ್ಕೆ ಹಸಿರು. ಕೈ ಒರೆಸಿಕೊಳ್ಳುತ್ತ ಬಂದ ಮೆಕ್ಯಾನಿಕ್ ಕ್ಲೈವ್ ಇಣುಕುತ್ತಾನೆ.

"ಏನಮ್ಮಾ ಏವಿಸ್, ನಿನ್ನ ಆಟದ ಟ್ಯಾಂಕಿಗೆ ಮುಚ್ಚಳ ಮಾಡ್ತಿದ್ದೀಯಾ?"

"ನಿನ್ನ ಬಾಯಿಗೆ ಅಂತ ಮಾಡ್ತಿದ್ದೆ ಕಣೋ. ಅಳತೆ ಸಾಲದು."

ಊರಿನ ಚರ್ಚ್ ಹಾಲಿನಲ್ಲಿ ಶನಿವಾರ ಶನಿವಾರ ಸೇರುವ ಗುಂಪೊಂದಿದೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತ, ದಾಳ ಉರುಳಿಸುತ್ತ ಯುದ್ಧಕಾಲದ ಕಥೆಯನ್ನು ಆಡುವವರು. ತಮ್ಮ ಆಟವನ್ನು ಅವರೀಗ ಪುಸ್ತಕ ಮಾಡುತ್ತಿದ್ದಾರೆ. ಅದರಲ್ಲಿನ ಲಾರಿ, ಜೀಪು, ದೋಣಿಗಳಿಗೆಲ್ಲ ಆಟದ ನಿಯಮ ಬರೆದವರು ಏವಿಸ್. ಆಡುವವರ ಕಣ್ಣಿಗೆ ಬೀಳುವುದು ದಾಳ ಮಾತ್ರ. ನಿಯಮ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ಈಗ ಕೆಲಸ ಸಿಕ್ಕಿಕೊಂಡಿರುವುದು ಬ್ರಿಟಿಷ್ ಸೇನೆಯ ಕ್ರಾಮ್‌ವೆಲ್ ಟ್ಯಾಂಕಿನಲ್ಲಿ. ಐದು ಜನರ ಟ್ಯಾಂಕದು. ಕವಚ, ತೋಪು, ವೇಗ ಎಲ್ಲಕ್ಕೂ ಅಂಕಿ ಕೊಟ್ಟಾಗಿದೆ. ಆದರೆ ಆಡಲು ಕೂತರೆ ತೋಪಿನವನಿಗೆ ಮಜಾ, ಗುಂಡು ತುಂಬುವವನಿಗೆ ಆಕಳಿಕೆ. ಆ ಪಾತ್ರ ಯಾರಿಗೂ ಬೇಡ. ಆಟ ನಡೆಸುವ ಡೆಸ್ಮಂಡ್ ಪಾರ್ಕ್ಸ್, ವೃತ್ತಿಯಲ್ಲಿ ನಲ್ಲಿ ರಿಪೇರಿಯವನು, ಗಡುವು ಕೊಟ್ಟಿದ್ದಾನೆ: ಈ ಶನಿವಾರವೂ ಹೀಗೇ ಆದರೆ ಟ್ಯಾಂಕು ಪುಸ್ತಕದಿಂದ ಹೊರಗೆ.

ಏವಿಸ್‌ಗೆ ಅದು ಬರೀ ಟ್ಯಾಂಕಲ್ಲ. ಅವರ ತಂದೆ ರೂಬೆನ್, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಅದರೊಳಗೆ ಗುಂಡು ತುಂಬಿದವರು. ಊರಿಗೆ ಮರಳಿ ಕೊಳವೆ ಕಾರ್ಖಾನೆ ಸೇರಿದರು. ಸಂಜೆ ಚಹಾಕ್ಕೆ ಕೂತರೆ ಚಮಚದ ಸದ್ದಷ್ಟೇ. ಮಗಳು ಆ ಮೌನದ ಎದುರಿಗೆ ಕೂತು ಬೆಳೆದಳು.

"ಯುದ್ಧದ ಬಗ್ಗೆ ಅಪ್ಪ ಬಾಯಿ ಬಿಟ್ಟು ಹೇಳಿದ್ದು ಒಂದೇ ಕಥೆ" ಎನ್ನುತ್ತಾರೆ ಏವಿಸ್. "ರೇಡಿಯೋನೂ ಗುಂಡು ತುಂಬೋನ ಕೈಲೇ ಇರ್ತಿತ್ತು. ಒಂದ್ಸಲ ಹೊರಗೆ ಮಾತಾಡಿದ್ಮೇಲೆ ಸ್ವಿಚ್ಚು ಒಳಕ್ಕೆ ತಿರುಗಿಸೋದು ಮರೆತುಬಿಟ್ರಂತೆ. ಟ್ಯಾಂಕೊಳಗೆ ಇವರು ಕರ್ನಲ್ಲನ್ನ ಬೈದಿದ್ದು ಇಡೀ ದಳಕ್ಕೆ ಕೇಳಿಸ್ತು. ಅದನ್ನ ಹೇಳುವಾಗ ಮಾತ್ರ ಅಪ್ಪ ನಗೋರು."

ಆ ನಗುವೇ ಈಗ ಮುಚ್ಚಳದ ಮೇಲಿನ ಬಣ್ಣ. ಮುಚ್ಚಳ ಗುಂಡು ತುಂಬುವವನ ಕೈಯಲ್ಲಿ; ಹಸಿರು ಮೇಲಿದ್ದರೆ ಮಾತು ಟ್ಯಾಂಕಿನೊಳಗೇ. ಕೆಂಪು ಮೇಲಿದ್ದರೆ ಹೊರಗೆಲ್ಲ ಪ್ರಸಾರ. ಹೊರಗಿನ ಸುದ್ದಿ ಕೇಳುವುದೂ ಗುಂಡು ತುಂಬುವವನಿಗೊಬ್ಬನಿಗೇ.

ಶನಿವಾರ ಚರ್ಚ್ ಹಾಲಿನಲ್ಲಿ ಐದು ಕುರ್ಚಿಗಳನ್ನು ಟ್ಯಾಂಕಿನೊಳಗಿನಂತೆಯೇ ಒತ್ತೊತ್ತಾಗಿ ಜೋಡಿಸಿ, ಸುತ್ತ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಕಂಬಳಿ ಹೊದಿಸಿದ್ದಾರೆ. ಚೀಟಿ ಎತ್ತಿದಾಗ ಗುಂಡು ತುಂಬುವ ಪಾತ್ರ ಬೀಳುವುದು, ಸದಾ ತೋಪೇ ಬೇಕೆನ್ನುವ ಡ್ರೈಕ್ಲೀನಿಂಗ್ ಅಂಗಡಿಯ ಬಲ್‌ವೀರ್‌ಗೆ.

"ಅಂಗಡೀಲಿ ದಿನವಿಡೀ ಮಷೀನಿಗೆ ತುಂಬೋದೇ ಕೆಲಸ. ಇಲ್ಲೂ ಅದೇನಾ ನನ್ನ ಹಣೆಬರಹ?"

"ತುಂಬಪ್ಪಾ, ಅಭ್ಯಾಸ ಇದೆಯಲ್ಲ!" ಟ್ಯಾಂಕಿನ ಮುಖ್ಯಸ್ಥೆಯ ಕುರ್ಚಿಯಲ್ಲಿರುವ ನೋರ್ಮಾ ಚುಚ್ಚುತ್ತಾಳೆ.

ಆಟ ಸಾಗುತ್ತದೆ. ಬಲ್‌ವೀರ್ ಮುಖ ಊದಿಸಿಕೊಂಡೇ ಸಂದೇಶ ಕಳಿಸುತ್ತಾನೆ; ಮುಚ್ಚಳ ಹಸಿರಿಗೆ ತಿರುಗಿಸುವುದನ್ನು ಮರೆಯುತ್ತಾನೆ. ನೋರ್ಮಾಗೆ ಅದು ಗೊತ್ತಿಲ್ಲ.

"ಆ ಬೊಜ್ಜು ಕರ್ನಲ್‌ಗೆ ನಕ್ಷೆ ಓದೋಕೂ ಬರಲ್ಲ. ನಮ್ಮನ್ನ ಯಾವ ಕೊಚ್ಚೆಗೆ ಕಳಿಸ್ತಿದಾನೋ!"

ಕಂಬಳಿಯಾಚೆ ಕರ್ನಲ್ ಪಾತ್ರದಲ್ಲಿರುವ ಡೆಸ್ಮಂಡ್ ಗಂಟಲು ಸರಿಮಾಡಿಕೊಳ್ಳುತ್ತಾನೆ. "ನಕ್ಷೆ ನನ್ನ ಕೈಲೇ ಇದೆಯಮ್ಮಾ. ಬೊಜ್ಜಿನ ಮೇಲೆ ಹರಡಿಕೊಂಡಿದೀನಿ, ಅನುಕೂಲವಾಗಿದೆ. ಇನ್ಮೇಲೆ ಎಲ್ಲರಿಗಿಂತ ಮುಂದೆ ಹೋಗೋ ಟ್ಯಾಂಕು ನಿಮ್ದೇ."

ಕಂಬಳಿಯೊಳಗೆ ಒಂದು ಗಳಿಗೆ ಉಸಿರೇ ಇಲ್ಲ. ಆಮೇಲೆ ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ಮೌನವನ್ನೂ ಆ ನಗುವನ್ನೂ ಏವಿಸ್ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾರೆ.

ಈಗ ಬಲ್‌ವೀರ್ ನೆಟ್ಟಗೆ ಕೂತಿದ್ದಾನೆ. ಮುಂದಿನ ತಿರುವಿನ ಹುಲ್ಲುಬಣವೆಯ ಹಿಂದೆ ಶತ್ರುವಿನ ತೋಪು ಅಡಗಿದೆಯೆಂದು ಡೆಸ್ಮಂಡ್ ಅವನ ಕಿವಿಗೆ ಮಾತ್ರ ಪಿಸುಗುಟ್ಟುತ್ತಾನೆ. "ನಿಲ್ಸಿ! ನಿಲ್ಸಿ ಅಂದ್ನಲ್ಲಾ! ಬಣವೆ ಹಿಂದೆ ಇದಾನೆ!" ಎಂದು ಕೂಗುತ್ತಾನೆ, ಈ ಸಲ ಮುಚ್ಚಳ ಹಸಿರಿಗೆ ಮಗುಚಿಯೇ. ಟ್ಯಾಂಕು ಉಳಿಯುತ್ತದೆ.

ವಿರಾಮದಲ್ಲಿ ಬ್ರೆಡ್ ಪುಡಿಂಗ್ ತಿನ್ನುತ್ತ ನೋರ್ಮಾ, "ಮುಂದಿನ ಸಲ ಆ ಕುರ್ಚಿ ನಂದು" ಎನ್ನುತ್ತಾಳೆ.

"ಏಳಲ್ಲ ಹೋಗೇ" ಎನ್ನುತ್ತಾನೆ ಬಲ್‌ವೀರ್.

ಹಿಂದಿನಿಂದ ಇನ್ನಿಬ್ಬರು ಕೈ ಎತ್ತುತ್ತಾರೆ. ಡೆಸ್ಮಂಡ್ ತುಂಬಿದ ಬಾಯಲ್ಲೇ ತೀರ್ಪು ಕೊಡುತ್ತಾನೆ: "ಸರಿ ಸರಿ, ಪುಸ್ತಕಕ್ಕೆ ಹಾಕೋಣ. ಆದ್ರೆ ಬೊಜ್ಜಿನ ವಿಷಯ ಬೇಡ."

ಎಲ್ಲರೂ ಹೋದ ಮೇಲೆ ಏವಿಸ್ ಕಂಬಳಿ ಮಡಚುತ್ತಿದ್ದಾರೆ. ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ಗುಂಡು ತುಂಬುವವನ ಕುರ್ಚಿಯ ಕಡೆ ನೋಡುತ್ತಾರೆ.

"ನಾನೂ ಒಂದ್ಸಲ ಅಲ್ಲಿ ಕೂರಬೇಕು ಅಂತಿದೆ. ಆದ್ರೆ ಅವಸರ ಇಲ್ಲ ಬಿಡಿ" ಎಂದು ಆ ಕುರ್ಚಿಯನ್ನು ಕೊನೆಗೆ ಎತ್ತಿಡುತ್ತಾರೆ. "ಅಪ್ಪನ ಜಾಗಕ್ಕೆ ಈಗ ಸರದೀಲಿ ನಿಲ್ಲಬೇಕು."