ಮಾಳಿಗಿ ಮ್ಯಾಲಿನ ಕೌಜುಗ

ನಾ ಮಾಡೋ ಕೌಜುಗದ ಸಾರಿಗೆ ಕೊಪ್ಪಳದ ನಮ್ಮ ಲೇಔಟಿನಾಗ ದೊಡ್ಡ ಹೆಸರಿತ್ತು. ಹೆಸರು ಅಂದ್ರ ಸುಮ್ನ ಹೆಸರಲ್ರಿ. ಬಾಜೂ ಮನಿ ಬ್ಯಾಂಕಿನವರಿಗೆ ಬೀಗರು ಬರಲಿ, ಎದುರು ಮನಿ ಡಾಕ್ಟರಿಗೆ ಗಂಗಾವತಿಯಿಂದ ಗೆಳೆಯರು ಬರಲಿ, ಐತವಾರ ಮುಂಜಾನೆ ಯಾರಾದ್ರೂ ಒಬ್ಬರು ನಮ್ಮ ಗೇಟು ಬಡಿಯೋರೇ. “ಅಕ್ಕೋರ, ಇವತ್ತ ಹಕ್ಕಿ ಬಂದಾವೇನ್ರಿ?” ಸಾಲಿ ಕಲಿಸೋ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಅಂತಾರ, ಲೇಔಟಿಗೂ ನಾನು ಅಕ್ಕೋರೇ. ಸುಳ್ಳ್ಯಾಕ ಹೇಳಲಿ, ಹಂಗ ಕೇಳಿದ್ರ ಹಿಗ್ಗತಿದ್ದೆ. ನಾಕನೇ ಇಯತ್ತೆಯ ಹುಡುಗರಿಗೆ ನವಿಲು, ಚಿಗರಿ ಚಿತ್ರ ತೋರಿಸಿ “ಇವನ್ನೆಲ್ಲಾ ಕಾಪಾಡಬೇಕ್ರೋ” ಅಂತ ಹೇಳೋ ಬಾಯಿ, ಐತವಾರ ಬಂತಂದ್ರ ಆ ಸಣ್ಣ ಎಲುಬು ಚೀಪತಿತ್ತು. ಪಾಠದ್ದು ಪಾಠಕ್ಕ, ಸಾರಿಂದು ಸಾರಿಗೆ ಅಂದ್ಕೊಂಡಿದ್ದೆ.

ಆ ಸಾರು ಕಲಿಸಿದವರು ನಮ್ಮ ಮಾವಾರು. ಅವರದು ತಳಕಲ್ ಹಳ್ಳಿ. ನಮ್ಮತ್ತಿ ಹೋದಮ್ಯಾಲ ನಮ್ಮ ಜೋಡಿ ಕೊಪ್ಪಳದಾಗ ಅದಾರ. ನಾ ಮದುವಿ ಆಗಿ ಬಂದ ಹೊಸದರಾಗ ಒಲಿ ಮುಂದ ಕುಂತು, “ಗುರೆಳ್ಳು ಹುರದು ಹಾಕವ್ವಾ, ಒಣಕೊಬ್ರಿ ಸುಡು. ನೀರು ಬಿಗಿ ಹಿಡಿ, ಇದು ಕೋಳಿ ಅಲ್ಲ” ಅಂತ ಹೇಳಿಕೊಟ್ಟಿದ್ರು. ಸೊಸಿ ಕೈಯಾಗ ಸೌಟು ಕೊಟ್ಟು ತಾವು ಬೆಳ್ಳುಳ್ಳಿ ಸುಲಿಯೋ ಮಾವ ಎಷ್ಟು ಮಂದಿಗೆ ಸಿಗತಾರ ಹೇಳ್ರಿ.

ಹಕ್ಕಿ ತರೋನು ಯಲಬುರ್ಗಾ ಕಡೆಯವ, ತಲಿ ನೆರೆತ ಮನಷ್ಯಾ. ಮದಲ ನಮ್ಮ ಮನಿಗಷ್ಟೇ ಎರಡು ತರತಿದ್ದ. ಪುಕ್ಕ ತರದು, ತೊಳದು, ಸ್ಟೀಲ್ ಡಬ್ಬಿಯೊಳಗ ಅರಿಷಿಣ ಹಚ್ಚಿ ತರೋನು. ಆಮ್ಯಾಲ ನಾನೇ ಮುಂದ ನಿಂತು ನಾಕು ಮನಿಗೆ ಹಚ್ಚಿಕೊಟ್ಟೆ, ನಾಕು ಹೋಗಿ ಹತ್ತಾದ್ವು. ಅವನ ಹತ್ರ ಒಂದು ಸಾಕಿದ ಕೌಜುಗ ಇತ್ತಂತ. ಅದನ್ನ ಪಂಜರದಾಗ ಹಾಕಿ, ಯಲಬುರ್ಗಾದಿಂದ ನಮ್ಮ ಲೇಔಟಿನ ಹಿಂದಿನ ಗುಡ್ಡದ ತನಕ ಯಾವುದಾದ್ರೂ ಹೊಲದ ಬದುವಿನ ಮ್ಯಾಲ ಇಟ್ಟು, ಸುತ್ತಲೂ ಉರುಲು ಹಾಸೋದು. ಪಂಜರದ್ದು ಕೂಗತೈತಿ. ನನ್ನ ಜಾಗಾದಾಗ ಇವನ್ಯಾವನು ಹೊಸಬ ಅಂತ ಆ ಹೊಲದ ಗಂಡು ಕೌಜುಗ ಜಗಳಕ್ಕ ಓಡಿ ಬರತೈತಿ. ಬಂತಂದ್ರ ಕಾಲು ಉರುಲಿನಾಗ. ಇದನ್ನ ಅವ ಹೇಳೂಮುಂದ ನಾನು ನಕ್ಕೊಂತ ಕೇಳಿದ್ದೆ.

ಹ್ವಾದ ವರ್ಷ ದೀಪಾವಳಿ ಆದಮ್ಯಾಲ ಒಂದು ಐತವಾರ ಅವ ಬರಲಿಲ್ಲ. ಫೋನ್ ಹಚ್ಚಿದ್ರ ಅವನ ಹೆಂಡತಿ ಎತ್ತಿದಳು. ಕಾಲು ಮುರಕೊಂಡು ಕೊಪ್ಪಳದ ದವಾಖಾನ್ಯಾಗ ಬಿದ್ದಾನಂತ. ನಾಕು ರೊಟ್ಟಿ, ಪಲ್ಯ ಕಟಗೊಂಡು ಹೋದೆ. ನನ್ನ ನೋಡಿದ ಕೂಡ್ಲೆ ಏಳಾಕ ಹೋದ.

“ತಪ್ಪಾತ್ರಿ ಅಕ್ಕೋರ. ನಮ್ಮ ಕಡೆ ಹೊಲದಾಗ ಹಕ್ಕಿ ಸಿಗವಲ್ವು. ನಿಮ್ಮ ಹತ್ತು ಮನಿಗೆ ಪೂರಾ ಮಾಡೂಣಂತ ಕುಷ್ಟಗಿ ದಾಟಿ ಗುಡ್ಡಕ್ಕ ಹೋಗಿದ್ನಿ. ಕಲ್ಲು ಜಾರಿತು.”

ನನ್ನ ಸಾರಿನ ಸಲುವಾಗಿ ಕಾಲು ಮುರಕೊಂಡವ ನನ್ನ ಮುಂದ ತಪ್ಪಾತಂತ ಕೈ ಮುಗಿಯಾಕತ್ತಿದ್ದ! ಗಂಡ ಹೆಂಡತಿ ಇಬ್ಬರೂ ದವಾಖಾನ್ಯಾಗ ಇದ್ರ ಮನ್ಯಾಗಿನ ಪಂಜರದ ಹಕ್ಕಿಗೆ ಕಾಳು ಹಾಕೋರಿಲ್ಲಂತ ಅವನಿಗೆ ಚಿಂತಿ. “ನಮ್ಮ ಮನಿಗೆ ತಂದಿಡು” ಅಂದೆ. ಮರುದಿನ ಅವನ ಹೆಂಡತಿ ಪಂಜರ ತಂದು ಇಟ್ಟು ಹೋದಳು.

ಅರಿವಿ ಸರಿಸಿ ನೋಡಿದೆ. ಇಷ್ಟು ವರ್ಷ ತಿಂದಿದ್ರೂ ಪುಕ್ಕ ಇದ್ದ ಕೌಜುಗ ನಾ ನೋಡಿದ್ದು ಅವತ್ತ ಮದಲ. ಯವ್ವಾ, ಏನ್ ಚೆಂದ ಇತ್ತದು! ಮೈತುಂಬ ಸಣ್ಣ ಸಣ್ಣ ಗೆರಿ, ಕುತಿಗಿಗೆ ಕರೇ ದಾರ ಕಟ್ಟಿದಂಗ ಒಂದು ಪಟ್ಟಿ. ನನ್ನ ಕಣ್ಣಾಗ ಕಣ್ಣಿಟ್ಟು ನೋಡತು. ನಾನೇ ಮದಲ ಕಣ್ಣು ತಗದೆ.

ಮುಂಜಾನೆ ಬಿಸಲಿಗೆ ಇರಲಿ ಅಂತ ಮಾಳಿಗಿ ಮ್ಯಾಲ ಇಡತಿದ್ದೆ. ಮಾವಾರೂ ಅಲ್ಲೇ ಕುರ್ಚಿ ಹಾಕ್ಕೊಂಡು ಚಾ ಕುಡಿಯೋರು. ಹಕ್ಕಿ ಒಮ್ಮಿಂದೊಮ್ಮೆಲೆ ಎದಿ ಉಬ್ಬಿಸಿ ಕೂಗೋದು, ಇಡೀ ಲೇಔಟಿಗೆ ಕೇಳೋ ಹಂಗ. ಅದು ಕೂಗಿದ ಕೂಡ್ಲೆ ಮಾವಾರು ಚಾ ಕೆಳಗ ಇಟ್ಟು, ಹಿಂದಿನ ಕಲ್ಲಗುಡ್ಡದ ಕಡೆ ಕಿವಿ ಕೊಟ್ಟು ಕುಂದರೋರು.

“ಏನ್ ಕೇಳಾಕತ್ತೀರ್ರಿ?”

“ತಡಿ. ಯಾವುದರ ಓಗೊಡತೈತೇನೋ.”

ಯಾವುದೂ ಓಗೊಡಲಿಲ್ಲ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ಅದು ಕೂಗೋದು, ಸುಮ್ಮನಾಗಿ ಕುತಿಗಿ ವಾರಿ ಮಾಡಿ ಕೇಳೋದು, ಮತ್ತ ಕೂಗೋದು. ಬರಬರತಾ ಮಾವಾರ ಮಾರಿ ಸಪ್ಪಗಾತು. ಎರಡು ರೊಟ್ಟಿ ಉಣ್ಣೋರು ಅರ್ಧಕ್ಕ ತಾಟು ಸರಿಸಾಕ ಹತ್ತಿದ್ರು. ಒಂದಿನ ತಡಕೊಳ್ಳಲಾರದ ಅಂದೇಬಿಟ್ರು, “ನಮ್ಮೂರಾಗ ಒಂದು ಕೂಗಿದ್ರ ನಾಕೂ ಬದುವಿನಿಂದ ಓಗೊಡತಿದ್ವವ್ವಾ. ಇಲ್ಲಿ ಇದಕ್ಕ ಯಾರೂ ಉಳದಿಲ್ಲ. ನಿಮ್ಮ ಲೇಔಟು ತಿಂದು ಕುಂತೈತಿ.”

ನನಗ ಮದಲ ಮೂಗಿನ ತುದಿಗೆ ಸಿಟ್ಟು. “ತಿನ್ನಾಕ ಕಲಿಸಿದವರು ಯಾರ್ರಿ? ಗುರೆಳ್ಳು ಹಾಕು, ಕೊಬ್ರಿ ಸುಡು ಅಂದವರು ನಾನೇನು?”

“ನಾನ” ಅಂದ್ರು ಮಾವಾರು. “ಆದ್ರ ನಾವು ಜ್ವಾಳದ ರಾಶಿ ಆದಮ್ಯಾಲ ವರ್ಷಕ್ಕೊಮ್ಮೆ ತಿಂತಿದ್ವಿ. ಜೋಡಿ ಕಟ್ಟಿ ತತ್ತಿ ಇಡೋ ಕಾಲಕ್ಕ ಕೈ ಹಚ್ಚತಿದ್ದಿಲ್ಲ. ವಾರಾವಾರ ತಿನ್ನಾಕ ಅದೇನು ಬದನಿಕಾಯೇನು? ಸಾರು ಕಲಿಸಿದೆ, ಇದನ್ನ ಕಲಿಸಲಿಲ್ಲ. ತಪ್ಪು ನಂದೈತಿ, ನಿಂದಲ್ಲ.”

ಬೈದಿದ್ರ ತಡಕೊಂತಿದ್ದೆ. ಹಂಗಂದದ್ದಕ್ಕ ಅಡಗಿಮನ್ಯಾಗ ಹೋಗಿ ಸೆರಗು ಬಾಯಿಗಿಟ್ಟು ಅತ್ತೆ.

ಹತ್ತು ಮನಿಗೆ ಚಟ ಹಚ್ಚಿದಾಕಿ ನಾನು, ಬಿಡಿಸೋದೂ ನಾನೇ ಅಂತ ಮನಿ ಮನಿಗೆ ಹೋದೆ. ಬ್ಯಾಂಕಿನವರ ಹೆಂಡತಿ ಬಿದ್ದು ಬಿದ್ದು ನಕ್ಕಳು. “ಏನ್ ಅಕ್ಕೋರ, ಸನ್ಯಾಸ ತಗೊಂಡ್ರೇನು?” ಡಾಕ್ಟರು, “ನೀವು ಬ್ಯಾಡಂದ್ರ ಹೊಳಿದಂಡಿ ಹೋಟೆಲಿನ್ಯಾಗ ಸಿಗತೈತಿ ಬಿಡ್ರಿ” ಅಂದ್ರು. ಬಾಯಿಲೇ ಹೇಳಿದ್ರ ಆಗೂದಿಲ್ಲಂತ ಒಬ್ಬೊಬ್ಬರನ್ನ ಮಾಳಿಗಿಗೆ ಕರಕೊಂಡು ಬಂದು ಪಂಜರದ ಮುಂದ ನಿಂದರಿಸಿದೆ. ಅದು ಕೂಗಿತು, ಕೇಳಿತು, ಮತ್ತ ಕೂಗಿತು. “ಯಾರನ್ನ ಕರೀತೈತಿ?” ಅಂದಳು ಡಾಕ್ಟರ ಹೆಂಡತಿ. “ನಾವು ತಿಂದದ್ದನ್ನ” ಅಂದೆ. ಆಕಿ ಕಣ್ಣಾಗ ನೀರು ಬಂತು. ಎಲ್ಲಾರೂ ಬಿಟ್ರಂತ ನಾ ಹೇಳೂದಿಲ್ಲ. ಏಳು ಮನ್ಯಾರು ಬಿಟ್ರು, ಮೂರು ಮನ್ಯಾರು ನನ್ನ ಕೂಡ ಮಾತು ಬಿಟ್ರು.

ದವಾಖಾನ್ಯಾಗಿದ್ದವಗೂ ಹೇಳಿದೆ. “ನೀವ ಬ್ಯಾಡಂದಮ್ಯಾಲ ಯಾರಿಗೆ ಹಿಡೀಲ್ರಿ, ತಮ್ಮನ ಜೋಡಿ ಕುರಿ ನೋಡ್ಕೊಂಡು ಇರತೀನಿ” ಅಂದ. ಮುಂದ ಪಂಜರದ್ದೇನು ಮಾಡೋದು? ಮರಿ ಇದ್ದಾಗಿಂದ ಕೈಯಾಗ ತಿಂದದ್ದು, ಬಿಟ್ರ ಬದುಕೂದಿಲ್ಲ. ಅರಣ್ಯ ಇಲಾಖೆಯವರಿಗೆ ಒಪ್ಪಿಸೋದಂತ ಮಾತಾತು. ಆಗ ಮಾವಾರು ಸಣ್ಣ ದನಿಲೆ ಕೇಳಿದ್ರು, “ಕೊಡೂಕಿಂತ ಮದಲ ಒಮ್ಮೆ ತಳಕಲ್ಲಿಗೆ ಒಯ್ಯೋಣೇನವ್ವಾ? ಅಲ್ಲರ ಒಂದು ಉಳದೈತೋ ಇಲ್ಲೋ ನೋಡಬೇಕು. ಅಲ್ಲೂ ಇಲ್ಲಂದ್ರ...” ಅವರು ಓಡಾಡಿ ಬೆಳೆದ ಹೊಲ, ಅವರು ಹಿಡದು ತಿಂದ ಹಕ್ಕಿ. ಅಲ್ಲೂ ಮುಗದಿದ್ರ ಆ ಜೀವ ಹೆಂಗ ತಡಕೊಂತೈತಿ ಅಂತ ನನಗ ಅಂಜಿಕಿ.

ಸಾಲಿ ಸೂಟಿ ಇದ್ದ ದಿನ ಟಂಟಂ ಮಾಡಿಸ್ಕೊಂಡು ಹೋದ್ವಿ. ಬದುವಿನ ಮ್ಯಾಲ ಪಂಜರ ಇಟ್ಟು, ಜಾಲಿ ನೆಳ್ಳಾಗ ಕುಂತ್ವಿ. ಮುಂದ ಎದಿಮಟ ಜ್ವಾಳ. ಬಾಳೊತ್ತು ನಮ್ಮ ಹಕ್ಕಿ ಬಾಯೇ ಬಿಡಲಿಲ್ಲ, ಕಡೀಕ ಕೂಗಿತು. ಸುಮ್ಮ. ಮತ್ತ ಕೂಗಿತು. ಸುಮ್ಮ. ಮಾವಾರು ಟವಲ್ ಹೆಗಲಿಗೆ ಹಾಕ್ಕೊಂಡು, “ನಡಿಯವ್ವಾ, ಮನಿಗೆ ಹೋಗೂಣು” ಅಂತ ನೆಲಕ್ಕ ಕೈ ಊರಿದ್ರು.

ಅಷ್ಟರಾಗ ಓಗೊಡತು ನೋಡ್ರಿ! ಆಚಿ ಬದುವಿನ ಮುಳ್ಳುಕಂಟಿಯಿಂದ. ಮಾವಾರು ನನ್ನ ಮುಂಗೈ ಗಟ್ಟಿ ಹಿಡಕೊಂಡ್ರು. ನಮ್ಮದು ಕರೀತು, ಅದು ಓಗೊಡತು, ಸಮೀಪ, ಇನ್ನಾ ಸಮೀಪ. ಜ್ವಾಳದ ಸಾಲಿನಿಂದ ಕುತಿಗಿ ಎತ್ತಿ ಓಡಿ ಬಂತು. ಎಷ್ಟು ಸಿಟ್ಟು ಅದಕ್ಕ! ಪಂಜರದ ಸುತ್ತ ಗರಗರ ಸುತ್ತತು. ನಾವು ಎರಡು ಮಾರು ದೂರ ಕುಂತಿದ್ರೂ ಅದಕ್ಕ ಕಣ್ಣಿಗೆ ಬೀಳಲಿಲ್ಲ. ಹಿಂಗ ಬಂದು ಬಂದೇ ಅಲ್ಲೇನು ಅವೆಲ್ಲಾ ನಮ್ಮ ಡಬ್ಬಿಗೆ ಬಿದ್ದದ್ದು.

ಮಾವಾರು ಮಂಡಿ ಮ್ಯಾಲ ಎದ್ದು ಎರಡೂ ಕೈ ಮುಂದ ಚಾಚಿದ್ರು. ಹಳೇ ಚಟ ಎಲ್ಲಿ ಬಿಡತೈತಿ ಅಂದ್ಕೊಂಡು ಅವರ ರಟ್ಟಿ ಹಿಡದೆ. “ಮಾವಾರ, ಬ್ಯಾಡ್ರಿ!”

“ಹಿಡಿಯಾಕಲ್ಲ ಬಿಡವ್ವಾ” ಅಂದವರೇ ಚಪ್ಪಾಳಿ ಹೊಡದ್ರು. “ಹೋಗ! ಹೋಗಲೇ ಹುಚ್ಚಾ, ಕರದ ಕಡೆಗೆಲ್ಲಾ ಬರತಾರೇನೋ!” ಅಂತ ಮಣ್ಣಿನ ಹೆಂಟಿ ತಗದು ಒಗದ್ರು. ಅದು ಬುರ್ರಂತ ಹಾರಿ ಹೋತು. ಮಾವಾರು ನಗಾಕತ್ತಿದ್ರು, ಗಲ್ಲದ ಮ್ಯಾಲ ನೀರು ಇಳಿಯಾಕತ್ತಿತ್ತು.

ಪಂಜರದ್ದು ಮತ್ತ ಕರೀತು. ಅದು ಮತ್ತ ಬಂತು. ಮಾವಾರು ಮತ್ತ ಎದ್ದು ಓಡಿಸಿದ್ರು. ಎರಡನೇ ಸಲ ನಾನೂ ಎದ್ದು ಅವರ ಜೋಡಿ ಚಪ್ಪಾಳಿ ಹೊಡದೆ, ಇಬ್ಬರೂ ಕೂಡಿ ಚೀರಿದ್ವಿ. ಮೂರನೇ ಸಲ ನಮ್ಮದು ಎಷ್ಟು ಕರದ್ರೂ ಅದು ಕಂಟಿ ಬಿಟ್ಟು ಬರಲಿಲ್ಲ. ಅಲ್ಲಿಂದನ ಒಂದು ಸಲ ಓಗೊಟ್ಟು ಸುಮ್ಮನಾತು.

“ಕಲೀತವ್ವಾ” ಅಂದ್ರು ಮಾವಾರು. “ಕಲೀತು.”